ಸರಕಾರವೇ ಗಿರಾಕಿಯಾದರೆ ಬಾಕಿ ಕೇಳುವುದು ಎಲ್ಲಿ?

(ವಿಕ್ರೋಳಿಯಲ್ಲಿ ಕೂಡಿದ ಹೋಟೆಲು ಮತ್ತು ಗಿರಣಿ ಕಾರ್ಮಿಕರ ಸಭೆಯಲ್ಲಿ ಆಡಿದ ಮಾತಿನ ಬರಹ)



ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ಚಹದ ಗಿರಾಕಿ ಕೂಡುವುದರೊಳಗೆ ನಮಗೆ ಸಿಗುವ ವೇಳೆ ಎರಡು ತಾಸು. ಅದರಲ್ಲಿ ಅರ್ಧ ತಾಸು ಸ್ವಾಗತಕ್ಕೂ ಹಾರಕ್ಕೂ ಹೋಯಿತು. ಆದುದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ಕಳೆದ ತಿಂಗಳು ನಮ್ಮನ್ನು ಹುಡುಕಿಕೊಂಡು ಒಬ್ಬ ಬಂಧು ಬಂದರು. ಕುಂದಾಪುರದ ಕಡೆಯವರು. ಹದಿನೆಂಟು ವರುಷ ಹೋಟೆಲಿನ ಒಲೆಯ ಮುಂದೆ ನಿಂತವರು. ಮೂರು ವರುಷಗಳ ಹಿಂದೆ ಈ ನಗರದಲ್ಲಿರುವ ಒಂದು ಪರದೇಶದ ಸರಕಾರದ ಕಚೇರಿಯ ಅಡುಗೆಮನೆಗೆ ಸೇರಿದ್ದರು. ಯಾವ ದೇಶ ಎಂದು ಇಲ್ಲಿ ಹೇಳುವುದಿಲ್ಲ. ಅವರ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ನಾಲ್ಕು ತಿಂಗಳ ಪಗಾರ ಬಾಕಿ ಇಟ್ಟು, ಒಂದು ದಿನ "ನಾಳೆಯಿಂದ ಬರುವುದು ಬೇಡ" ಎಂದರಂತೆ. ವಕೀಲರ ಹತ್ತಿರ ಹೋದರೆ ಅವರು ಹೇಳಿದ ಮಾತು ಇದು: "ಇದು ಹೋಟೆಲಿನ ಧಣಿಯ ಮೇಲೆ ಹಾಕುವ ದಾವೆಯಲ್ಲ, ಒಂದು ರಾಜ್ಯದ ಮೇಲೆ ಹಾಕುವ ದಾವೆ. ದಿವಾಣಿ ಕೋರ್ಟಿಗೆ ಹೋಗಬೇಕಾದರೆ ಮೊದಲು ದಿಲ್ಲಿಯ ಅಪ್ಪಣೆ ಬೇಕು."

ಬಂಧು ನಮ್ಮ ಮುಖ ನೋಡಿ ಕೇಳಿದರು: "ದುಡಿದ ಪಗಾರ ಕೇಳಲಿಕ್ಕೆ ದಿಲ್ಲಿಯ ಅಪ್ಪಣೆ ಯಾಕೆ ಮಾರಾಯರೇ?"

ನಮ್ಮಲ್ಲಿ ಆಗ ಉತ್ತರ ಇರಲಿಲ್ಲ. ರಾತ್ರಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರಿಗೆ ಕಾಯಿದೆಯ ಪುಸ್ತಕ ಸುಲಭದ ತುತ್ತಲ್ಲ. ಆದರೂ ವಕೀಲ ಮಿತ್ರರನ್ನು ಕಾಡಿಸಿ ಬೇಡಿಸಿ ತಿಳಿದುಕೊಂಡೆವು. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಇದಕ್ಕೆ ಸಾರ್ವಭೌಮ ವಿನಾಯಿತಿ ಎಂದು ಹೆಸರು. ಒಂದು ರಾಜ್ಯವನ್ನು ಅದರ ಒಪ್ಪಿಗೆ ಇಲ್ಲದೆ ಇನ್ನೊಂದು ರಾಜ್ಯದ ಕೋರ್ಟಿಗೆ ಎಳೆಯಬಾರದು; ಅದರ ಆಸ್ತಿಯನ್ನು ಜಪ್ತಿ ಮಾಡಬಾರದು. ರಾಜರ ಕಾಲದ ಮಾತು. ಒಬ್ಬ ರಾಜ ಇನ್ನೊಬ್ಬ ರಾಜನ ಮುಂದೆ ಆರೋಪಿಯಾಗಿ ಕೈಕಟ್ಟಿ ನಿಲ್ಲಲಾರನು, ಇಬ್ಬರೂ ಸಮಾನರು ಎಂಬ ತತ್ವ. 1812ರಲ್ಲಿ ಅಮೇರಿಕೆಯ ದೊಡ್ಡ ಕೋರ್ಟು ಹೀಗೆಯೇ ಹೇಳಿತು. ಅಲ್ಲಿಯ ಇಬ್ಬರು ವರ್ತಕರ ಹಡಗನ್ನು ನೆಪೋಲಿಯನ್ನನ ಕಡೆಯವರು ಸಮುದ್ರದಲ್ಲಿ ಹಿಡಿದು ಫ್ರಾನ್ಸಿನ ಯುದ್ಧನೌಕೆ ಮಾಡಿಕೊಂಡಿದ್ದರು. ಅದೇ ಹಡಗು ಫಿಲಡೆಲ್ಫಿಯಾ ಬಂದರಿಗೆ ಬಂದಾಗ ವರ್ತಕರು "ಇದು ನಮ್ಮದು" ಎಂದು ಹಿಡಿದರು. ಕೋರ್ಟು "ಇದು ಒಂದು ರಾಜ್ಯದ ಯುದ್ಧನೌಕೆ, ನಮ್ಮ ಅಧಿಕಾರ ಇದರ ಮೇಲೆ ನಡೆಯದು" ಎಂದಿತು. ಆ ಕಾಲಕ್ಕೆ ಅದು ಸರಿಯಿದ್ದೀತು. ರಾಜ್ಯ ಎಂದರೆ ಆಗ ದಂಡು, ನ್ಯಾಯ, ಕಂದಾಯ, ಇಷ್ಟೇ.

ಮುಂದೆ ರಾಜ್ಯಗಳು ರೈಲು ಓಡಿಸಿದವು, ಹಡಗು ವಿಮಾನ ನಡೆಸಿದವು, ಗಿರಣಿ ಹಾಕಿದವು, ಚಹ ಕೊಂಡವು, ಸಕ್ಕರೆ ಮಾರಿದವು. ತಕರಾರು ಹುಟ್ಟಿದ್ದು ಅಲ್ಲಿ. ನಮ್ಮ ಊರ ಕಡೆ ಕೆಲವು ಧಣಿಗಳನ್ನು ನೀವು ನೋಡಿರಬಹುದು. ಗಲ್ಲಾದಲ್ಲಿ ಕುಳಿತಿರುವಾಗ ಕಾಸು ಕಾಸಿಗೂ ಲೆಕ್ಕ. ಆಗ ಅವರು ವ್ಯಾಪಾರಿ. ಮಾಣಿ ಪಗಾರ ಕೇಳಲು ಹೋದಾಗ ಮಾತ್ರ ಹೆಗಲಿಗೆ ಶಾಲು ಬರುತ್ತದೆ. ಆಗ ಅವರು ದೇವಸ್ಥಾನದ ಮೊಕ್ತೇಸರರು, ಅವರೊಡನೆ ಹಣದ ಮಾತು ಆಡಬಾರದು. ವ್ಯಾಪಾರಕ್ಕೆ ಇಳಿದ ರಾಜ್ಯವೂ ಇದನ್ನೇ ಮಾಡಿತು. ಕೊಳ್ಳುವಾಗ ಗಿರಾಕಿ, ಬಾಕಿ ಕೇಳಿದಾಗ ಸಾರ್ವಭೌಮ.

ಇದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಬರೋಡೆಯ ರೈಲ್ವೆಯದು. ಗಾಯಕವಾಡರ ಸಂಸ್ಥಾನ ಅದನ್ನು ನಡೆಸುತ್ತಿತ್ತು. ಅದರ ಮೇಲೆ ಒಬ್ಬರು ಬ್ರಿಟಿಷ್ ಹಿಂದುಸ್ತಾನದ ಕೋರ್ಟಿನಲ್ಲಿ ದಾವೆ ಹಾಕಿದರು. 1938ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು, ಹೆಸರು ರೈಲ್ವೆಯದಾದರೂ ದಾವೆ ಮಹಾರಾಜರ ಮೇಲೆಯೇ ಆಯಿತು, ಸರಕಾರದ ಒಪ್ಪಿಗೆ ಇಲ್ಲದೆ ನಡೆಯದು ಎಂದು ತೀರ್ಮಾನ ಕೊಟ್ಟಿತು. ಟಿಕೇಟು ಮಾರುವ ರೈಲಿಗೂ ಸಿಂಹಾಸನದ ರಕ್ಷೆ ಸಿಕ್ಕಿತು.

ಆ ಒಪ್ಪಿಗೆಯ ಮಾತು ಇರುವುದು 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 86ನೆಯ ಕಲಮಿನಲ್ಲಿ. ಅದು ಇಂದಿಗೂ ಜಾರಿಯಲ್ಲಿದೆ. ಪರದೇಶದ ರಾಜ್ಯದ ಮೇಲೆ ನಮ್ಮ ಕೋರ್ಟಿನಲ್ಲಿ ದಾವೆ ಹಾಕಬೇಕಾದರೆ ಕೇಂದ್ರ ಸರಕಾರದ ಒಬ್ಬ ಕಾರ್ಯದರ್ಶಿ ಬರಹದಲ್ಲಿ ಒಪ್ಪಿಗೆ ಕೊಡಬೇಕು. ದಾವೆ ಗೆದ್ದ ಮೇಲೆ ಆ ರಾಜ್ಯದ ಆಸ್ತಿಯ ಮೇಲೆ ಡಿಕ್ರಿ ಜಾರಿ ಮಾಡಲು ಮತ್ತೊಂದು ಒಪ್ಪಿಗೆ ಬೇಕು. ಎರಡು ಬಾಗಿಲು, ಎರಡು ಬೀಗ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಬ್ರಿಟನ್ನು 1978ರಲ್ಲಿ, ಅಮೇರಿಕೆ 1976ರಲ್ಲಿ ಇದಕ್ಕಾಗಿ ಬೇರೆ ಕಾಯಿದೆ ಮಾಡಿಕೊಂಡವು. ವ್ಯಾಪಾರದ ವ್ಯವಹಾರಕ್ಕೆ ವಿನಾಯಿತಿ ಇಲ್ಲ ಎಂದು ಆ ಕಾಯಿದೆಗಳಲ್ಲಿ ಬಿಡಿಸಿ ಬರೆದಿದೆ. ನಮ್ಮಲ್ಲಿ ಅಂಥ ಬೇರೆ ಕಾಯಿದೆ ಇಲ್ಲ.

ಹೋಟೆಲಿನವರಿಗೆ ಹತ್ತಿರದ ಒಂದು ಮೊಕದ್ದಮೆ ಹೇಳುತ್ತೇವೆ, ಚಹದ್ದು. ಈಜಿಪ್ಟಿನ ಸರಕಾರದ ಅರ್ಥಖಾತೆ ಚಹ ಕೊಳ್ಳಲು ಒಬ್ಬ ವರ್ತಕರ ಜೊತೆ ಕರಾರು ಮಾಡಿತು. ಕರಾರು ಮುರಿಯಿತೆಂದು ವರ್ತಕರು ಕಲಕತ್ತೆಯ ಕೋರ್ಟಿಗೆ ಹೋದರು. ಅಷ್ಟರಲ್ಲಿ ಈಜಿಪ್ಟು ಸಿರಿಯಾದೊಡನೆ ಕೂಡಿ ಸಂಯುಕ್ತ ಅರಬ ಗಣರಾಜ್ಯವಾಗಿತ್ತು. "86ನೆಯ ಕಲಮು ರಾಜರಿಗೆ ಅನ್ವಯ, ಗಣರಾಜ್ಯಕ್ಕೆ ಯಾಕೆ?" ಎಂಬುದು ಒಂದು ವಾದ. 1965ರಲ್ಲಿ ಸುಪ್ರೀಂ ಕೋರ್ಟು, ಗಣರಾಜ್ಯಕ್ಕೂ ಅನ್ವಯ, ಒಪ್ಪಿಗೆ ಇಲ್ಲದೆ ದಾವೆ ಇಲ್ಲ ಎಂದು ಹೇಳಿತು. ಆ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು. ಹೆಸರಿನಲ್ಲೇ ನಮ್ಮ ಗಜೇಂದ್ರಗಡ ಇದೆ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. 1966ರಿಂದ 1969ರವರೆಗೆ ಮೊದಲನೆಯ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರೂ ಅವರೇ; ಹಿರಿಯರಾದ ಗಿರಣಿ ಬಂಧುಗಳಿಗೆ ಅವರ ಹೆಸರು ಗೊತ್ತಿರಬಹುದು. ಅವರು ಅದೇ ತೀರ್ಪಿನಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದಾರೆ. ಅಂತರರಾಷ್ಟ್ರೀಯ ನೀತಿಯಲ್ಲಿ ಪೂರ್ತಿ ಮುಚ್ಚಿದ ಬಾಗಿಲನ್ನು ಈ ಕಲಮು ಸ್ವಲ್ಪ ತೆರೆದಿದೆ, ಒಪ್ಪಿಗೆ ಸಿಕ್ಕರೆ ದಾವೆ ಹಾಕಬಹುದಲ್ಲವೇ ಎಂಬುದು ಅದರ ಭಾವ. ಕಾಯಿದೆಯ ದೃಷ್ಟಿಯಿಂದ ಮಾತು ಸರಿ. ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ನಮ್ಮಂಥವರ ಪ್ರಶ್ನೆ.

ಕೈ ಸುಲಭವಾಗಿ ಹೊರಬರುವುದಿಲ್ಲ ಎಂಬುದಕ್ಕೆ ದಿಲ್ಲಿಯ ಒಬ್ಬ ಗುತ್ತಿಗೆದಾರರ ಕತೆ ಸಾಕ್ಷಿ. ಅಲ್ಜೀರಿಯಾದ ರಾಯಭಾರ ಕಚೇರಿಯ ದುರಸ್ತಿ ಕೆಲಸ ಮಾಡಿಸಿದವರು ಅವರು. ಬಿಲ್ಲು ಬರಲಿಲ್ಲ. ದಾವೆಗೆ ಒಪ್ಪಿಗೆ ಕೇಳಿದರೆ, ರಾಜಕೀಯ ಕಾರಣಗಳಿಂದ ಕೊಡಲಾಗದು ಎಂದು ಕೇಂದ್ರ ಸರಕಾರ ಬರೆಯಿತು. ಗೋಡೆಗೆ ಗಿಲಾವು ಮಾಡಿದ ಹಣಕ್ಕೂ ರಾಜಕೀಯಕ್ಕೂ ಏನು ಸಂಬಂಧವೋ ದೇವರೇ ಬಲ್ಲ. 1986ರಲ್ಲಿ ಸುಪ್ರೀಂ ಕೋರ್ಟು ಸರಕಾರಕ್ಕೆ ತಿಳಿಸಿತು: ಒಪ್ಪಿಗೆ ಕೊಡುವುದು ಬಿಡುವುದು ಮನಬಂದಂತೆ ಮಾಡುವ ಕೆಲಸವಲ್ಲ, ಕಾರಣ ನೋಡಬೇಕು, ವಿಚಾರ ಮಾಡಬೇಕು. ಅರ್ಜಿದಾರನ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡದೆ ಅರ್ಜಿಯನ್ನು ತಳ್ಳಿಹಾಕಕೂಡದೆಂದು 1976ರ ತಿದ್ದುಪಡಿಯಲ್ಲಿಯೂ ಇದೆ. ಇದು ನಮ್ಮ ಬಂಧುವಿಗೆ ಬಹಳ ಉಪಯೋಗದ ಮಾತು.

ಇನ್ನು ಮುಂಬಯಿಯದೇ ಆದ ಪ್ರಕರಣ. ಬಣ್ಣದ ಖಾತೆಯಲ್ಲಿ ದುಡಿದ ಗಿರಣಿ ಬಂಧುಗಳಿಗೆ ಬಟ್ಟೆಗೆ ಹಾಕುವ ಬಣ್ಣದ ಪುಡಿ ಹೇಳಿಕೊಡಬೇಕಾಗಿಲ್ಲ. 1992ರ ಸೆಪ್ಟೆಂಬರಿನಲ್ಲಿ ಒಬ್ಬ ವ್ಯಾಪಾರಿ ಅಂಥ ಬಣ್ಣವನ್ನು ಮುಂಬಯಿಯಿಂದ ಆಫ್ರಿಕೆಯ ದಾರೆಸ್ಸಲಾಮಿಗೆ ಕಳುಹಿಸಲು ಇಥಿಯೋಪಿಯಾ ಸರಕಾರದ ವಿಮಾನ ಸಂಸ್ಥೆಗೆ ಒಪ್ಪಿಸಿದರು. ಮಾಲು ತೀರಾ ತಡವಾಗಿ ಮುಟ್ಟಿ ಕೆಟ್ಟಿತೆಂದು ಮಹಾರಾಷ್ಟ್ರದ ಗ್ರಾಹಕ ಆಯೋಗದಲ್ಲಿ ದೂರು ಕೊಟ್ಟರು. ವಿಮಾನದವರು 86ನೆಯ ಕಲಮಿನ ಕೊಡೆ ಬಿಚ್ಚಿದರು. ರಾಜ್ಯ ಆಯೋಗ ಕೊಡೆಯನ್ನು ಒಪ್ಪಿತು, ರಾಷ್ಟ್ರೀಯ ಆಯೋಗ ಒಪ್ಪಲಿಲ್ಲ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿಮಾನ ಸಂಸ್ಥೆಯ ವಿರುದ್ಧ ಹೇಳಿತು. ವ್ಯಾಪಾರಕ್ಕಿಳಿದ ಸರಕಾರಿ ಸಂಸ್ಥೆ ಉಳಿದ ವ್ಯಾಪಾರಿಗಳಂತೆಯೇ ಉತ್ತರ ಹೇಳಬೇಕು. ಗ್ರಾಹಕರ ಕಾಯಿದೆ, ವಿಮಾನ ಸಾಗಣೆಯ ಕಾಯಿದೆ ಇಂಥವುಗಳ ಕೆಳಗೆ ಬರುವ ದೂರಿಗೆ 86ನೆಯ ಕಲಮು ಅಡ್ಡಬರುವುದಿಲ್ಲ. ಹತ್ತೊಂಬತ್ತು ವರುಷ ಹಿಡಿಯಿತು. ಅದೂ ಸಾಕ್ಷಿಪುರಾವೆಯ ಮಾತಲ್ಲ, ದೂರು ಕೇಳಬಹುದೇ ಬಾರದೇ ಎಂಬಷ್ಟೇ ಪ್ರಶ್ನೆಗೆ.

ಈಗ ನಮ್ಮ ಓಣಿಯ ಮಾತಿಗೆ ಬರೋಣ. ಮುಂಬಯಿ–ಅಹಮದಾಬಾದ ವೇಗದ ರೈಲಿನ ಸುರಂಗ ನಮ್ಮ ವಿಕ್ರೋಳಿಯ ನೆಲದ ಕೆಳಗೇ ಹಾಯುತ್ತದೆ. ಬಾಂದ್ರೆ-ಕುರ್ಲೆಯ ಸಂಕೀರ್ಣದಿಂದ ಶಿಲಫಾಟಾದವರೆಗೆ ಸುಮಾರು 21 ಕಿಲೋಮೀಟರು ಸುರಂಗ, ಅದರಲ್ಲಿ ಏಳು ಕಿಲೋಮೀಟರು ಠಾಣೆಯ ಖಾಡಿಯ ತಳದಲ್ಲಿ. ಯಂತ್ರ ಇಳಿಸಲು ಇಲ್ಲಿ ತೋಡಿದ ಬಾವಿಯ ಆಳವೇ ಸುಮಾರು 56 ಮೀಟರು. ಇದಕ್ಕಾಗಿ ಗೋದ್ರೇಜ್ ಕಂಪೆನಿಯ 39,252 ಚದರ ಮೀಟರು ಜಾಗ ತೆಗೆದುಕೊಂಡರು, 264 ಕೋಟಿ ರೂಪಾಯಿ ಪರಿಹಾರ ಗೊತ್ತುಮಾಡಿದರು. ಕಂಪೆನಿ ತಕರಾರು ಎತ್ತಿತು. 2023ರ ಫೆಬ್ರವರಿಯಲ್ಲಿ ಮುಂಬಯಿ ಹೈಕೋರ್ಟು ಆ ಅರ್ಜಿಯನ್ನು ವಜಾ ಮಾಡಿತು. ಆ ಜಗಳಕ್ಕೆ ಕೋರ್ಟು ಸಿಕ್ಕಿತು, ಯಾಕೆಂದರೆ ಎರಡೂ ಕಡೆಯವರು ಇಲ್ಲಿಯವರು. ಆದರೆ ಈ ರೈಲಿನ ಹಣ? ಮೊದಲಿನ ಅಂದಾಜು 1,08,000 ಕೋಟಿ. ಅದರಲ್ಲಿ ನೂರಕ್ಕೆ 81 ಪಾಲು ಜಪಾನ್ ಸರಕಾರದ ಸಂಸ್ಥೆಯ ಸಾಲ, 50 ವರುಷದ ವಾಯಿದೆ, ನೂರಕ್ಕೆ ಹತ್ತು ಪೈಸೆ ಬಡ್ಡಿ. ಕೊಟ್ಟದ್ದು ಒಂದು ಸರಕಾರದ ಕಡೆಯಿಂದ, ಪಡೆದದ್ದು ಇನ್ನೊಂದು ಸರಕಾರ. ಈ ಸಭೆಯಲ್ಲಿ ಕುಳಿತಿರುವ ಹುಡುಗರು ಮುದುಕರಾದಾಗಲೂ ಆ ಸಾಲದ ಕಂತು ನಡೆಯುತ್ತಿರುತ್ತದೆ. ಹೀಗೆ ಎಲ್ಲೆ ದಾಟಿ ಬರುವ ದೊಡ್ಡ ಹಣದ ಕರಾರುಗಳಲ್ಲಿ "ತಕರಾರು ಬಂದರೆ ಯಾವ ಪಂಚರ ಮುಂದೆ, ವಿನಾಯಿತಿಯನ್ನು ಯಾರು ಬಿಟ್ಟುಕೊಡಬೇಕು" ಎಂಬ ಒಂದೆರಡು ಸಾಲು ಕೊನೆಯ ಪುಟಗಳಲ್ಲಿ ಇರುತ್ತವೆ. ಯಾರೂ ಓದದ ಆ ಸಾಲುಗಳ ಬೆಲೆ ಎಷ್ಟೆಂಬುದು ಮಹಾರಾಷ್ಟ್ರಕ್ಕೆ ಒಮ್ಮೆ ಗೊತ್ತಾಗಿದೆ.

ಅದು ರತ್ನಾಗಿರಿ ಜಿಲ್ಲೆಯ ದಾಭೋಳದ ವಿದ್ಯುತ್ ಕಾರಖಾನೆಯ ಕತೆ. ಅಮೇರಿಕೆಯ ಎನ್ರಾನ್ ಕಂಪೆನಿ 1992ರಲ್ಲಿ ಬಂದಿತು. 1993ರ ಡಿಸೆಂಬರಿನಲ್ಲಿ ವಿದ್ಯುತ್ ಮಂಡಳಿಯೊಡನೆ ಖರೀದಿ ಕರಾರು ಆಯಿತು. ಮಂಡಳಿ ಹಣ ಕೊಡದಿದ್ದರೆ ರಾಜ್ಯ ಸರಕಾರ ಕೊಡತಕ್ಕದ್ದು, ರಾಜ್ಯ ಕೊಡದಿದ್ದರೆ ಕೇಂದ್ರ ಕೊಡತಕ್ಕದ್ದು ಎಂದು 1994ರಲ್ಲಿ ಖಾತ್ರಿಯ ಮೇಲೆ ಖಾತ್ರಿ ಬರೆದುಕೊಟ್ಟರು. ಆ ಕಾಗದಗಳಲ್ಲಿ ಸರಕಾರ ತನ್ನ ಸಾರ್ವಭೌಮ ವಿನಾಯಿತಿಯನ್ನು ಬಿಟ್ಟುಕೊಟ್ಟಿದೆ ಎಂಬುದು ಆಗ ವಿರೋಧಿಸಿದವರ ಮುಖ್ಯ ಆಕ್ಷೇಪಗಳಲ್ಲಿ ಒಂದು. ಸಿ.ಐ.ಟಿ.ಯು. ಕಾರ್ಮಿಕ ಸಂಘಟನೆ ಹೈಕೋರ್ಟಿಗೆ ಹೋಯಿತು. 1996ರ ಡಿಸೆಂಬರಿನಲ್ಲಿ ಅರ್ಜಿ ವಜಾ ಆಯಿತು. ಕಾರ್ಮಿಕ ಸಂಘಕ್ಕೆ ಇದೆಲ್ಲ ಯಾಕೆ ಎಂದು ಆಗ ಕೆಲವರು ನಕ್ಕಿದ್ದರಂತೆ. 1999ರಲ್ಲಿ ವಿದ್ಯುತ್ ಬಂದಿತು, ದರ ಮಂಡಳಿಯ ಕೈಗೆ ಎಟುಕಲಿಲ್ಲ, 2001ರಲ್ಲಿ ಕಾರಖಾನೆ ನಿಂತಿತು, ಕಂಪೆನಿ ಖಾತ್ರಿಯ ಕಾಗದ ಹೊರತೆಗೆಯಿತು. ಅದೇ ವರುಷದ ಕೊನೆಗೆ ಅಮೇರಿಕೆಯಲ್ಲಿ ಆ ಕಂಪೆನಿಯೇ ದಿವಾಳಿಯಾಯಿತು. ನಗುವವರು ನಗು ನಿಲ್ಲಿಸಿರಬೇಕು.

ಇನ್ನು ನಮ್ಮ ಬೆಂಗಳೂರಿನದು. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಇದು ಇನ್ನೂ ಪೂರ್ತಿ ಮುಗಿಯದ ಕತೆ.

ಬೆಂಗಳೂರಿನಲ್ಲಿ ಆಂಟ್ರಿಕ್ಸ್ ಎಂಬ ಕಂಪೆನಿ 1992ರಲ್ಲಿ ಹುಟ್ಟಿತು. ಪೂರ್ತಿ ಭಾರತ ಸರಕಾರದ್ದು, ಇಸ್ರೋ ಸಂಸ್ಥೆಯ ವ್ಯಾಪಾರದ ಕೈ. 2005ರ ಜನವರಿ 28ರಂದು ಅದು ದೇವಾಸ್ ಎಂಬ ಬೆಂಗಳೂರಿನದೇ ಖಾಸಗಿ ಕಂಪೆನಿಯೊಡನೆ ಕರಾರು ಮಾಡಿಕೊಂಡಿತು. ಸರಕಾರ ಎರಡು ಉಪಗ್ರಹ ಹಾರಿಸುವುದು, ಅವುಗಳ ಎಸ್-ಬ್ಯಾಂಡ್ ಎಂಬ ತರಂಗದ ಪಾಲನ್ನು ಹನ್ನೆರಡು ವರುಷ ದೇವಾಸಿಗೆ ಬಾಡಿಗೆಗೆ ಕೊಡುವುದು. ದೇವಾಸಿನಲ್ಲಿ ಹಣ ಹಾಕಿದವರು ಮಾರಿಷಸ್, ಜರ್ಮನಿ, ಅಮೇರಿಕೆಯ ಕಡೆಯವರು. 2011ರ ಫೆಬ್ರವರಿಯಲ್ಲಿ ಕೇಂದ್ರ ಮಂತ್ರಿಮಂಡಲದ ಭದ್ರತಾ ಸಮಿತಿ, ಆ ತರಂಗ ದೇಶರಕ್ಷಣೆಗೆ ಬೇಕು ಎಂದು ಕರಾರನ್ನೇ ರದ್ದುಮಾಡಿತು.

ಇಲ್ಲಿ ಗಂಟನ್ನು ನೋಡಿರಿ. ಕರಾರು ಮಾಡಿದ್ದು ವ್ಯಾಪಾರ. ಮುರಿದದ್ದು ರಾಜ್ಯಾಧಿಕಾರ. ಕರಾರು ಮುರಿದದ್ದಕ್ಕೆ ಹಣ ಕೊಡಬೇಕೋ ಬೇಡವೋ?

ಕರಾರಿನಲ್ಲಿ ಪಂಚಾಯತಿಯ ಸಾಲು ಇತ್ತು. 2015ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಪಂಚರು ಆಂಟ್ರಿಕ್ಸ್ 56 ಕೋಟಿ 25 ಲಕ್ಷ ಡಾಲರು ಕೊಡತಕ್ಕದ್ದು, ಮೇಲೆ ಬಡ್ಡಿ ಎಂದು ಹೇಳಿದರು. ದೇವಾಸಿನವರು ಆ ತೀರ್ಪನ್ನು ಹಿಡಿದು ಅಮೇರಿಕೆಯ ಸಿಯಾಟಲಿಗೆ ಹೋದರು. 2020ರಲ್ಲಿ ಅಲ್ಲಿಯ ಕೋರ್ಟು ಬಡ್ಡಿ ಸೇರಿಸಿ 129 ಕೋಟಿ ಡಾಲರಿಗೆ ಮುದ್ರೆ ಒತ್ತಿತು. ಮೇಲಿನ ಕೋರ್ಟು 2023ರಲ್ಲಿ, ಬೆಂಗಳೂರಿನ ಈ ಕಂಪೆನಿಗೆ ಅಮೇರಿಕೆಯೊಡನೆ ಸಾಕಷ್ಟು ಸಂಬಂಧವೇ ಇಲ್ಲ, ನಮ್ಮ ಅಧಿಕಾರ ನಡೆಯದು ಎಂದು ಅದನ್ನು ತೆಗೆದುಹಾಕಿತು. 2025ರ ಜೂನ್ 5ರಂದು ಅಮೇರಿಕೆಯ ಸುಪ್ರೀಂ ಕೋರ್ಟು ಒಮ್ಮತದಿಂದ, ಹಾಗೆ ಸಂಬಂಧ ಅಳೆಯಬೇಕೆಂದು 1976ರ ಕಾಯಿದೆಯಲ್ಲಿ ಬರೆದಿಲ್ಲ ಎಂದು ತಿಳಿಸಿ, ಉಳಿದ ತಕರಾರುಗಳನ್ನು ನೋಡಲು ಮೊಕದ್ದಮೆಯನ್ನು ಕೆಳಗೆ ಕಳುಹಿಸಿತು. ಅಂದರೆ ಪರದೇಶದ ಸರಕಾರಿ ಕಂಪೆನಿ ಅಮೇರಿಕೆಯಲ್ಲಿ ಒಂದು ಅಂಗಡಿಯನ್ನೂ ಇಡದಿದ್ದರೂ, ಕಾಯಿದೆಯ ಅಪವಾದದಲ್ಲಿ ಸಿಕ್ಕಿಬಿದ್ದರೆ ಅಲ್ಲಿಯ ಕೋರ್ಟಿಗೆ ಉತ್ತರ ಹೇಳಬೇಕಾದೀತು.

ಇತ್ತ ನಮ್ಮ ದೇಶದಲ್ಲಿ ಬೇರೆಯೇ ನಡೆಯಿತು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಕಂಪೆನಿ ನ್ಯಾಯಮಂಡಳಿ ದೇವಾಸನ್ನು ಮೋಸಕ್ಕಾಗಿ ಹುಟ್ಟಿದ ಕಂಪೆನಿ ಎಂದು ಮುಚ್ಚಿಸಲು ಆಜ್ಞೆ ಮಾಡಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ದೇಶದೊಳಕ್ಕೆ ತಂದ 579 ಕೋಟಿ ರೂಪಾಯಿಗಳಲ್ಲಿ ನೂರಕ್ಕೆ 85ರಷ್ಟನ್ನು ನಾನಾ ಹೆಸರಿನಲ್ಲಿ ಹೊರಕ್ಕೆ ಸಾಗಿಸಿದ್ದರೆಂದು ಆ ತೀರ್ಪಿನಲ್ಲಿದೆ. ಅದೇ ವರುಷದ ಆಗಸ್ಟಿನಲ್ಲಿ ದಿಲ್ಲಿ ಹೈಕೋರ್ಟು ಪಂಚರ ತೀರ್ಪನ್ನು ರದ್ದುಮಾಡಿತು. ಹೀಗೆ ಒಂದೇ ಕಾಗದ ದಿಲ್ಲಿಯಲ್ಲಿ ಸತ್ತಿದೆ, ಅಮೇರಿಕೆಯಲ್ಲಿ ಅದರ ಮೇಲೆ ವಾದ ನಡೆದಿದೆ.

ದೇವಾಸಿನವರ ಪರ ಮಾತಾಡಲು ನಮಗೆ ಮನಸ್ಸಿಲ್ಲ, ಆ ಹಣದ ಕತೆ ಓದಿದವರಿಗೆ ಮನಸ್ಸು ಬರಲಾರದು. ಆದರೆ ಒಂದು ಮಾತು ಹೇಳಲೇಬೇಕು. ಕರಾರಿಗೆ ಸಹಿ ಬಿದ್ದದ್ದು 2005ರಲ್ಲಿ, ರದ್ದಾದದ್ದು 2011ರಲ್ಲಿ, ಮೋಸ ಎಂದು ಕಂಪೆನಿ ಮುಚ್ಚಿಸಿದ್ದು 2021ರಲ್ಲಿ. ಹದಿನಾರು ವರುಷ! ಹೋಟೆಲಿನಲ್ಲಿ ಹಾಲಿಗೆ ನೀರು ಬೆರೆಸಿದವನನ್ನು ಬೆಳಗಿನ ಚಹಕ್ಕೇ ಹಿಡಿಯುತ್ತೇವೆ.

ಸರಕಾರದ ಬಾಕಿಗೆ ಯಾರ ಆಸ್ತಿ ಹಿಡಿಯುತ್ತಾರೆ ಎಂಬುದನ್ನೂ ನೋಡಿ. ದೇವಾಸಿನ ಮಾರಿಷಸ್ ಕಡೆಯವರು ಭಾರತ ಸರಕಾರದ ಮೇಲೆ ಬೇರೆ ತೀರ್ಪನ್ನೂ ಪಡೆದಿದ್ದರು. ಅದರ ಬಲದಿಂದ 2021ರ ಕೊನೆಗೆ ಕೆನಡಾದ ಕ್ವಿಬೆಕ್ ಕೋರ್ಟಿನಲ್ಲಿ ಆಜ್ಞೆ ಪಡೆದು ಏರ್ ಇಂಡಿಯಾದ ಟಿಕೇಟಿನ ಹಣಕ್ಕೆ ತಡೆ ಹಾಕಿಸಿದರು. ಅದಕ್ಕೆ ಮುಂಚೆ ಕೇರ್ನ್ ಎಂಬ ಬ್ರಿಟನ್ನಿನ ತೈಲ ಕಂಪೆನಿ ಹಿಂದಿನ ತಾರೀಖಿನ ತೆರಿಗೆಯ ಜಗಳದಲ್ಲಿ 2020ರ ಡಿಸೆಂಬರಿನಲ್ಲಿ 120 ಕೋಟಿ ಡಾಲರಿನ ತೀರ್ಪು ಪಡೆದು, ಪ್ಯಾರಿಸಿನಲ್ಲಿ ಭಾರತ ಸರಕಾರದ ಸುಮಾರು ಇಪ್ಪತ್ತು ಮನೆಗಳ ಮೇಲೆ ಕೈಯಿಟ್ಟಿತು. ನ್ಯೂಯಾರ್ಕಿನಲ್ಲಿ, ಏರ್ ಇಂಡಿಯಾ ಎಂದರೆ ಭಾರತ ಸರಕಾರವೇ ಎಂದು ದಾವೆ ಹೂಡಿತು. 2021ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಆ ತೆರಿಗೆಯನ್ನೇ ಹಿಂದಕ್ಕೆ ಪಡೆದ ಮೇಲೆ ಜಗಳ ತೀರಿತು. ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಕೈಗೆ ಹೋಯಿತು. ತೆರಿಗೆ ಹಾಕಿದವರು ಮಂತ್ರಿಗಳು. ಜಪ್ತಿಯ ಭಯದಲ್ಲಿ ಇದ್ದದ್ದು ಪೈಲಟು, ಮೆಕ್ಯಾನಿಕ್ಕು, ಊಟ ಕೊಡುವ ಹುಡುಗಿಯರು ದುಡಿದ ಹಣ.

ಹಾಗಾದರೆ ನಾವು ಯಾವ ಕಡೆ? ಈ ಪ್ರಶ್ನೆಯನ್ನು ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಒಬ್ಬ ಹಿರಿಯರು ಎತ್ತಿದರು. 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು ಅವರು. "ಪರದೇಶದ ಕಂಪೆನಿ ನಮ್ಮ ಸರಕಾರದ ಆಸ್ತಿ ಹಿಡಿಯುವಾಗ ವಿನಾಯಿತಿ ಬೇಕು ಎನ್ನುತ್ತೇವೆ. ನಮ್ಮ ಅಡುಗೆಯವರು ಪರದೇಶದ ಸರಕಾರದಿಂದ ಪಗಾರ ಕೇಳುವಾಗ ವಿನಾಯಿತಿ ಬೇಡ ಎನ್ನುತ್ತೇವೆ. ಎರಡು ನಾಲಗೆ ಆಯಿತಲ್ಲ?" ಎಂದರು. ಒಂದು ಗಂಟೆ ಚರ್ಚೆ ನಡೆಯಿತು, ಚಹ ಮೂರು ಸಲ ಬಂದಿತು. ನಮಗೆ ಕಂಡದ್ದು ಇಷ್ಟು. ಗೆರೆ ಎಳೆಯಬೇಕಾದದ್ದು ದೇಶಗಳ ನಡುವೆ ಅಲ್ಲ, ಕೆಲಸಗಳ ನಡುವೆ. ದಂಡು, ಗಡಿ, ರಾಯಭಾರದ ಮಾತುಕತೆ, ಕಾಯಿದೆ ಮಾಡುವುದು, ಇವಕ್ಕೆ ರಕ್ಷೆ ಇರಲಿ, ನಮ್ಮ ಸರಕಾರಕ್ಕೂ ಇರಲಿ ಅವರ ಸರಕಾರಕ್ಕೂ ಇರಲಿ. ಸಾಮಾನು ಕೊಂಡದ್ದು, ಮನೆ ಕಟ್ಟಿಸಿದ್ದು, ಅಡುಗೆ ಮಾಡಿಸಿದ್ದು, ಇವಕ್ಕೆ ರಕ್ಷೆ ಬೇಡ, ಇಬ್ಬರಿಗೂ ಬೇಡ. ಹಿರಿಯರು ಪೂರ್ತಿ ಒಪ್ಪಲಿಲ್ಲ. ದಾಭೋಳದಂಥ ಕರಾರಿನಲ್ಲಿ ರಕ್ಷೆ ಬಿಟ್ಟುಕೊಟ್ಟರೆ ಕೊನೆಗೆ ಬಿಲ್ಲು ತೆರುವವರು ಬಡವರೇ ಎಂದರು. ಆ ಮಾತನ್ನು ತೆಗೆದುಹಾಕುವಂತಿಲ್ಲ. ಕರಾರಿಗೆ ಸಹಿ ಹಾಕುವ ಮುಂಚೆ ಅದು ಜನರ ಕಣ್ಣಿಗೆ ಬೀಳಬೇಕೆಂಬುದರಲ್ಲಿ ಮಾತ್ರ ಎಲ್ಲರೂ ಒಂದಾದೆವು.

ಅಡುಗೆ ರಾಜ್ಯಕಾರ್ಯವಲ್ಲ ಎಂದು ನಾವು ಮಾತ್ರ ಹೇಳುತ್ತಿಲ್ಲ. ಲಂಡನ್ನಿನಲ್ಲಿ ಸುಡಾನ್ ದೇಶದ ರಾಯಭಾರ ಕಚೇರಿಯಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ಹೆಂಗಸನ್ನೂ, ಲಿಬಿಯಾದ ಕಚೇರಿಯ ಕಡೆ ಮನೆಗೆಲಸ ಮಾಡುತ್ತಿದ್ದ ಇನ್ನೊಬ್ಬಳನ್ನೂ ಕೆಲಸದಿಂದ ತೆಗೆದರು. ಇಬ್ಬರೂ ಆಫ್ರಿಕೆಯಿಂದ ಹೊಟ್ಟೆಪಾಡಿಗೆ ಹೋದವರು. ಪಗಾರದ ಬಾಕಿ, ಕೆಲಸದ ತಾಸು, ಅನ್ಯಾಯದ ವಜಾ ಎಂದು ಇಬ್ಬರೂ ದೂರು ಕೊಟ್ಟರು. ಎರಡು ದೇಶಗಳೂ ವಿನಾಯಿತಿ ಹೇಳಿದವು. 2017ರ ಅಕ್ಟೋಬರ್ 18ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು, ಅಡುಗೆಗೆ ಮನೆಗೆಲಸಕ್ಕೆ ಆಳನ್ನು ಇಡುವುದು ಯಾವ ಖಾಸಗಿಯವನೂ ಮಾಡುವ ಕೆಲಸ, ಅದು ಸಾರ್ವಭೌಮ ಕೃತ್ಯವಲ್ಲ; 1978ರ ಕಾಯಿದೆ ಇಂಥವರಿಗೆ ಕೋರ್ಟಿನ ಬಾಗಿಲು ಮುಚ್ಚಿದ್ದು ಮಾನವ ಹಕ್ಕಿಗೆ ವಿರುದ್ಧ ಎಂದು ಹೇಳಿತು. 2023ರಲ್ಲಿ ಅಲ್ಲಿಯ ಸರಕಾರ ಕಾಯಿದೆಯನ್ನು ತಿದ್ದಿತು. ಸೌಟು ಹಿಡಿದ ಒಬ್ಬ ಹೆಂಗಸು ಬ್ರಿಟನ್ನಿನ ಕಾಯಿದೆ ತಿದ್ದಿಸಿದಳು. ಹೋಟೆಲ್ ಕಾರ್ಮಿಕರಾದ ನಾವು ಇದನ್ನು ಓದಿ ಆ ರಾತ್ರಿ ನಿದ್ದೆ ಮಾಡಲಿಲ್ಲ.

ವಿಶ್ವಸಂಸ್ಥೆ 2004ರ ಡಿಸೆಂಬರಿನಲ್ಲಿ ಈ ವಿಷಯಕ್ಕೇ ಒಂದು ಒಡಂಬಡಿಕೆ ಮಾಡಿದೆ. ವ್ಯಾಪಾರಕ್ಕೆ ವಿನಾಯಿತಿ ಇಲ್ಲ ಎಂದೂ, ನೌಕರಿಯ ಕರಾರಿಗೆ ಕೆಲವು ಷರತ್ತುಗಳೊಡನೆ ವಿನಾಯಿತಿ ಇಲ್ಲ ಎಂದೂ ಅದರಲ್ಲಿದೆ. ಭಾರತ 2007ರ ಜನವರಿಯಲ್ಲಿ ಸಹಿ ಹಾಕಿದೆ. ಸ್ಥಿರೀಕರಣ ಮಾಡಿಲ್ಲ. ಮೂವತ್ತು ದೇಶಗಳು ಸ್ಥಿರೀಕರಿಸಿದರೆ ಮಾತ್ರ ಅದಕ್ಕೆ ಜೀವ. ಸಹಿ ಹಾಕಿ ಪಗಾರದ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟಂತೆ ಆಗಿದೆ.

ಈಗ ಕೈಗೆ ಬೇಕಾದ ಮಾತು. ಪರದೇಶದ ಕಚೇರಿಗಳಲ್ಲಿ ಅಡುಗೆ, ಕಾವಲು, ಡ್ರೈವರು, ಕಸಗುಡಿಸುವ ಕೆಲಸದಲ್ಲಿ ಇರುವ ನಮ್ಮವರು ಮೊದಲು ತಮ್ಮನ್ನು ನೇಮಿಸಿದವರು ಯಾರು ಎಂದು ಕಾಗದ ನೋಡಬೇಕು. ನೇಮಿಸಿದವನು ಇಲ್ಲಿಯ ಗುತ್ತಿಗೆದಾರನಾದರೆ ವಿನಾಯಿತಿಯ ಮಾತೇ ಇಲ್ಲ, ಅವನ ಮೇಲೆ ನೇರವಾಗಿ ಹೋಗಬಹುದು. ಕಾಗದವೇ ಇಲ್ಲವೆಂದರೆ ಬ್ಯಾಂಕಿನ ಪಾಸುಪುಸ್ತಕ, ಗೇಟಿನ ಪಾಸು, ಹಬ್ಬಕ್ಕೆ ಕೊಟ್ಟ ಚೀಟಿ ಏನಿದ್ದರೂ ಜೋಪಾನ ಮಾಡಬೇಕು. ಒಪ್ಪಿಗೆಯ ಅರ್ಜಿ ದಿಲ್ಲಿಯಲ್ಲಿ ಕೊಳೆಯುವಾಗ ದಾವೆಯ ವಾಯಿದೆ ಮೀರೀತೆಂಬ ಭಯ ಬೇಡ. 1963ರ ವಾಯಿದೆ ಕಾಯಿದೆಯ 15ನೆಯ ಕಲಮಿನ ಪ್ರಕಾರ, ಅರ್ಜಿ ಕೊಟ್ಟ ದಿನದಿಂದ ಆಜ್ಞೆ ಕೈಸೇರಿದ ದಿನದವರೆಗಿನ ಕಾಲವನ್ನು ಲೆಕ್ಕದಿಂದ ಬಿಡುತ್ತಾರೆ. ಆದರೆ ಅರ್ಜಿ ಕೊಟ್ಟದ್ದಕ್ಕೆ ರಸೀದಿ ಬೇಕು. ಪರದೇಶದ ಸರಕಾರದ ಕಟ್ಟಡದಲ್ಲಿ ಬಾಡಿಗೆಗೆ ಇರುವವರು ಬಾಡಿಗೆದಾರರಾಗಿ ದಾವೆ ಹಾಕಲು ಒಪ್ಪಿಗೆಯೇ ಬೇಡ ಎಂದು 86ನೆಯ ಕಲಮಿನಲ್ಲೇ ಬರೆದಿದೆ. ಇನ್ನು ನಮ್ಮಲ್ಲಿ ಸಣ್ಣಪುಟ್ಟ ಊಟದ ಗುತ್ತಿಗೆ, ದುರಸ್ತಿಯ ಗುತ್ತಿಗೆ ಹಿಡಿಯುವವರು ಇದ್ದೀರಿ. ಕರಾರಿನಲ್ಲಿ ಪಂಚಾಯತಿಯ ಸಾಲು ಹಾಕಿಸಿಕೊಳ್ಳಿ. ಅಫಘಾನಿಸ್ತಾನದ ರಾಯಭಾರ ಕಚೇರಿಯ ಕಟ್ಟಡ ಕೆಲಸ ಮಾಡಿದವರೂ, ಇಥಿಯೋಪಿಯಾದ ಶಿಕ್ಷಣ ಖಾತೆಗೆ ಪುಸ್ತಕ ಒದಗಿಸಿದವರೂ ಪಂಚರ ತೀರ್ಪು ಪಡೆದು ದಿಲ್ಲಿ ಹೈಕೋರ್ಟಿಗೆ ಹೋದಾಗ, ಅಂಥ ತೀರ್ಪಿನ ಜಾರಿಗೆ ಕೇಂದ್ರದ ಒಪ್ಪಿಗೆ ಬೇಡ ಎಂದು 2021ರ ಜೂನಿನಲ್ಲಿ ಆ ಕೋರ್ಟು ಹೇಳಿದೆ. ಎರಡನೆಯ ಬೀಗ ಅಲ್ಲಿ ಬಿಚ್ಚಿತು.

ಕುಂದಾಪುರದ ಆ ಬಂಧು ಇಂದು ಸಭೆಗೆ ಬಂದಿಲ್ಲ. ಭಾಂಡೂಪಿನ ಒಂದು ಹೋಟೆಲಿನಲ್ಲಿ ಸದ್ಯಕ್ಕೆ ದಿನಗೂಲಿಗೆ ದೋಸೆಕಲ್ಲಿನ ಮುಂದೆ ನಿಂತಿದ್ದಾರೆ, ರಜೆ ಸಿಗಲಿಲ್ಲ. ಅವರ ಒಪ್ಪಿಗೆಯ ಅರ್ಜಿಯನ್ನು ಕಳೆದ ಸೋಮವಾರ ದಿಲ್ಲಿಗೆ ಅಂಚೆಯಲ್ಲಿ ಕಳುಹಿಸಿದ್ದೇವೆ. ಏನೇನು ಕಾಗದ ಜೋಡಿಸಿದೆವೆಂಬ ನಕಲು ಈ ಮೇಜಿನ ಮೇಲಿದೆ, ಬೇಕಾದವರು ನೋಡಿ ಬರೆದುಕೊಳ್ಳಬಹುದು. ಇಂಥ ಕಚೇರಿಗಳಲ್ಲಿ ದುಡಿಯುವ ಅಣ್ಣತಮ್ಮಂದಿರು, ಅಕ್ಕತಂಗಿಯರು ನಿಮ್ಮ ಚಾಳುಗಳಲ್ಲಿ ಇದ್ದರೆ ಅವರ ಹೆಸರನ್ನು ಹೋಗುವ ಮುಂಚೆ ನಮಗೆ ಕೊಡಿರಿ. ಹತ್ತು ಜನರ ಅರ್ಜಿ ಒಟ್ಟಿಗೆ ಹೋದರೆ ದಿಲ್ಲಿಯ ಗುಮಾಸ್ತನೂ ಒಮ್ಮೆ ಎಣಿಸಿ ನೋಡುತ್ತಾನೆ. ಗಡಿಯಾರ ನಾಲ್ಕು ಹತ್ತಿರ ತೋರಿಸುತ್ತಿದೆ, ಚಹದ ಒಲೆಗೆ ಹೋಗಬೇಕಾದವರು ಈಗಾಗಲೇ ಎದ್ದು ನಿಂತಿದ್ದೀರಿ.